ಬೆನ್ನ ಮೇಲಿನ ಹೆಸರು

"ಈ ಹೆಸರನ್ನ ಕಿತ್ತುಹಾಕಿ."

ಮಾತಿನ ಹಿಂದೆಯೇ ನೀಲಿ ಜೆರ್ಸಿಯೊಂದು ಕೌಂಟರಿನ ಮೇಲೆ ಬಂದು ಬಿತ್ತು.

ಹೊಲಿಗೆ ಯಂತ್ರದ ಮೇಲೆ ಬಗ್ಗಿದ್ದ ಇರೆನಾ ತಲೆಯೆತ್ತಿದಳು. ಕಾಲು ಪೆಡಲಿನ ಮೇಲೆಯೇ ಉಳಿದುಹೋಯಿತು. ಸೂಜಿ ನಾಲ್ಕಂಗುಲ ದಾರಿ ತಪ್ಪಿ ಓಡಿತು.

ಅವನು... ಅವನೇ.

ಕಳೆದ ಚಳಿಗಾಲದಲ್ಲಿ ರೈಲು ಎಂಜಿನ್ ಕಾರ್ಖಾನೆಯ ಕೆಲಸಗಾರರು ಒಂಬತ್ತು ವಾರ ಮುಷ್ಕರ ಹೂಡಿದ್ದರು. ಇರೆನಾಳ ಬಸ್ಸು ದಿನವೂ ಆ ಗೇಟಿನ ಮುಂದೆಯೇ ಹಾಯುತ್ತಿತ್ತು. ಹಿಮದಲ್ಲಿ, ಡ್ರಮ್ಮಿನೊಳಗೆ ಬೆಂಕಿ ಹಾಕಿಕೊಂಡು ನಿಂತ ಗುಂಪಿನ ನಡುವೆ ಎತ್ತರದ ಯುವಕನೊಬ್ಬ ಎಲ್ಲರ ಲೋಟಕ್ಕೂ ಕಾಫಿ ಬಗ್ಗಿಸಿ, ಕೊನೆಗೆ ಉಳಿದದ್ದನ್ನು ತಾನು ಕುಡಿಯುತ್ತಿದ್ದ. ಅವನನ್ನು ನೋಡಲೆಂದೇ ಅವಳು ಎಡಗಡೆಯ ಕಿಟಕಿ ಹಿಡಿಯುತ್ತಿದ್ದಳು. ಆ ನಿಲ್ದಾಣದಲ್ಲಿ ಒಂದು ದಿನವಾದರೂ ಇಳಿಯಬೇಕು ಎಂದುಕೊಂಡದ್ದೇ ಬಂತು, ಇಳಿಯಲಿಲ್ಲ. ಮುಷ್ಕರ ಮುಗಿಯಿತು, ಗೇಟಿನ ಮುಂದೆ ಬರಿಯ ಬೂದಿ ಉಳಿಯಿತು.

ಇಪ್ಪತ್ತೇಳು ವರ್ಷದ ಇರೆನಾಳಿಗೆ ನೂರು ಬಗೆಯ ಹೊಲಿಗೆ ಬರುತ್ತಿತ್ತು. 'ಇದು ನನಗೆ ಬೇಕು' ಎಂದು ಬಾಯಿಬಿಟ್ಟು ಕೇಳುವುದೊಂದು ಮಾತ್ರ ಬಾರದು.

"ಕೇಳಿಸ್ತೇನ್ರೀ?"

"ಯಾ... ಯಾವ ಹೆಸರು?"

"ಇನ್ಯಾವುದು? ಈ ಊರಲ್ಲಿ ಈಗ ಇರೋದು ಒಂದೇ ಹೆಸರಲ್ವಾ."

ಅವಳು ಜೆರ್ಸಿಯನ್ನು ತಿರುಗಿಸಿದಳು. ಏಳನೇ ನಂಬರು. ಅದರ ಮೇಲೆ ಬೂದು ಬಣ್ಣದ ಅಕ್ಷರಗಳಲ್ಲಿ ಟ್ರೆಸ್ಕಾಟ್.

ಜೇಲನ್ ಟ್ರೆಸ್ಕಾಟ್. ವಯಸ್ಸು ಇಪ್ಪತ್ನಾಲ್ಕು. ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಈರಿ ಗೇಲ್ಸ್‌ನಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್. ಹದಿನಾಲ್ಕು ವರ್ಷ ಸೋತು ಸೋತು ಸುಣ್ಣವಾಗಿದ್ದ ತಂಡವನ್ನು ಸೆಮಿಫೈನಲ್‌ವರೆಗೆ ಎಳೆದುಕೊಂಡು ಹೋದವನು. ಅವನ ಕರಾರು ಮುಗಿಯಲು ಇನ್ನೂ ಒಂದು ವರ್ಷವಿದೆ. ಆದರೆ ಈಗಲೇ ಹೊಸ ಐದು ವರ್ಷದ ಕರಾರು ಬೇಕು ಎಂದು ಕೂತಿದ್ದಾನೆ. ತಂಡದ ತರಬೇತಿ ಶಿಬಿರಕ್ಕೆ ಬರುತ್ತಾನೆ, ಚೆಂಡು ಮುಟ್ಟುವುದಿಲ್ಲ.

ಅಂದಿನಿಂದ ಊರು ಎರಡು ಹೋಳು. ಕ್ಷೌರದಂಗಡಿಯಲ್ಲಿ ಅದೇ ಮಾತು, ಚರ್ಚಿನ ಮೆಟ್ಟಿಲ ಮೇಲೂ ಅದೇ ಮಾತು. ಹೆಸರು ಹಾಕಿಸಿಕೊಂಡಿದ್ದವರೆಲ್ಲ ಈಗ ಕೀಳಿಸಲು ಬರುತ್ತಿದ್ದಾರೆ.

"ಈ ವಾರದ ಹನ್ನೊಂದನೇದು," ಎಂದರು ಅಂಗಡಿಯ ಒಡತಿ ಬರ್ನಿ, ಕನ್ನಡಕದ ಮೇಲಿನಿಂದ ನೋಡುತ್ತಾ. ಇರೆನಾ ಅವರನ್ನು ಚೋಚಾ ಎನ್ನುತ್ತಾಳೆ. ರಕ್ತಸಂಬಂಧವೇನಿಲ್ಲ, ಆ ಕಡೆಯ ಪೋಲಿಷ್ ಕೇರಿಯಲ್ಲಿ ಅಮ್ಮನ ಗೆಳತಿಯರೆಲ್ಲ ಚೋಚಾಗಳೇ, ಚಿಕ್ಕಮ್ಮಂದಿರೇ. "ಹೆಸರು ಹಾಕಕ್ಕೆ ಇಪ್ಪತ್ತು ಡಾಲರ್, ಕೀಳಕ್ಕೆ ಮೂವತ್ತು. ಸಿಟ್ಟಿಗೆ ದರ ಜಾಸ್ತಿ ನಮ್ಮಲ್ಲಿ."

"ಪರವಾಗಿಲ್ಲ."

"ಕಿತ್ರೆ ಸೂಜಿಯ ತೂತು ಉಳಿಯತ್ತೆ," ಎಂದಳು ಇರೆನಾ ಮೆಲ್ಲಗೆ. "ಹೆಸರು ಹೋದ್ರೂ ಗುರುತು ಹೋಗಲ್ಲ."

"ಉಳೀಲಿ ಬಿಡಿ."

"ಅವನು... ತಪ್ಪೇನು ಕೇಳಿದಾನೆ?"

ಅಯ್ಯೋ, ಇದನ್ನು ತಾನು ಜೋರಾಗಿ ಹೇಳಿದೆನೇ?

ಹೇಳಿಯೇ ಬಿಟ್ಟಿದ್ದಳು. ಅವನು ಕೌಂಟರಿನ ಮೇಲೆ ಎರಡೂ ಕೈ ಊರಿದ.

"ಇನ್ನೊಂದು ವರ್ಷ ಆಡ್ತೀನಿ ಅಂತ ಸಹಿ ಹಾಕಿದಾನೆ. ಸಹಿ ಅಂದ್ರೆ ಸಹಿ. ಆಡಿ ಮುಗಿಸಿ ಆಮೇಲೆ ಕೇಳ್ಲಿ."

"ಮುಗಿಸೋ ಮೊದ್ಲೇ ಮೊಣಕಾಲು ಮುರಿದ್ರೆ? ಆಗ ಯಾರು ಕೊಡ್ತಾರೆ, ನೀವು ಕೊಡ್ತೀರಾ?"

ಚೋಚಾ ಬರ್ನಿಯ ಕತ್ತರಿ ನಿಂತಿತು. ಆರು ವರ್ಷದಲ್ಲಿ ಈ ಹುಡುಗಿ ಗಿರಾಕಿಯ ಜೊತೆ ಇಷ್ಟು ಮಾತಾಡಿದ್ದನ್ನು ಅವರು ಕಂಡಿರಲಿಲ್ಲ.

"ಇಪ್ಪತ್ತೈದು ಕೋಟಿ ಡಾಲರ್ ಕಣ್ರೀ. ನಾನು ಇನ್ನೂರು ಜನ್ಮ ಎತ್ತಿ ಬಂದ್ರೂ ಅಷ್ಟು ನೋಡಲ್ಲ."

"ಅವನಿಗೆ ಕೊಡ್ದೇ ಇದ್ರೆ ಅದು ನಿಮಗೆ ಬರತ್ತಾ? ಮಾಲೀಕನ ಜೇಬಲ್ಲೇ ಇರತ್ತೆ." ಅವಳ ಧ್ವನಿ ಇನ್ನೂ ತಗ್ಗಿತು. "ನೀವೂ ಕೇಳಿದ್ರಲ್ಲ... ಹೋದ ಚಳಿಗಾಲ. ಗೇಟಿನ ಮುಂದೆ ನಿಂತು."

ಅವನ ಕಿವಿ ಕೆಂಪಾಯಿತು.

"ನಾನು ಅಲ್ಲಿದ್ದೆ ಅಂತ ನಿಮಗೆ ಹೇಗೆ ಗೊತ್ತು?"

"ಬಸ್ಸು... ಆ ಕಡೆನೇ ಹೋಗತ್ತೆ."

ಅವನು ಬಾಗಿಲವರೆಗೆ ನಡೆದು ತಿರುಗಿ ನಿಂತ.

"ಅದು ಅಪ್ಪ ಕೊಡಿಸಿದ್ದು. ಅಪ್ಪನೂ ನಿಮ್ಮ ಹಾಗೇ ಮಾತಾಡ್ತಾನೆ, ಕೊಡ್ಲಿ ಕೊಡ್ಲಿ ಅಂತ. ಮೂರು ಭಾನುವಾರದಿಂದ ಅವನು ಅಡುಗೆಮನೆಯಲ್ಲಿ ಊಟ, ನಾನು ಮನೆ ಮುಂದಿನ ಮೆಟ್ಟಿಲ ಮೇಲೆ. ಗುರುವಾರ ಬರ್ತೀನಿ, ಕಿತ್ತಿಟ್ಟಿರಿ."

ರಸೀತಿಯಲ್ಲಿ ಅವನು ಬರೆದು ಹೋದ ಹೆಸರನ್ನು ಇರೆನಾ ಮೂರು ಸಲ ಓದಿದಳು. ಡೊಮಿನಿಕ್ ಸಾಲ್ವಿ.

ಬುಧವಾರ ಮಧ್ಯಾಹ್ನ ಅವಳು ಜೆರ್ಸಿಯನ್ನು ಮೇಜಿನ ಮೇಲೆ ಹರಡಿ, ಹೊಲಿಗೆ ಬಿಚ್ಚುವ ಸಣ್ಣ ಕೊಕ್ಕೆ ಕೈಗೆತ್ತಿಕೊಂಡಳು. ಮೊದಲ ಅಕ್ಷರದ ಮೊದಲ ಎಳೆಗೆ ಕೊಕ್ಕೆ ತಾಗಿಸಿದಳು. ಕೈ ಮುಂದೆ ಹೋಗಲಿಲ್ಲ.

'ಅಪ್ಪ ಕೊಡಿಸಿದ್ದು ಅಂದರಲ್ಲ... ಸಿಟ್ಟು ಎಷ್ಟು ದಿನದ್ದು? ಇನ್ನೊಂದು ತಿಂಗಳು. ತೂತು ಮಾತ್ರ ಬಟ್ಟೆ ಹರಿಯುವ ತನಕ.'

ಹಿಂದೊಮ್ಮೆ ಆಟಗಾರನೊಬ್ಬ ಊರು ಬಿಟ್ಟಾಗ ಹೀಗೆಯೇ ಕಿತ್ತು ಕೊಟ್ಟ ಜೆರ್ಸಿಗಳು ಅವಳ ನೆನಪಿನಲ್ಲಿದ್ದವು. ಎರಡು ವರ್ಷಕ್ಕೆ ಅವನು ವಾಪಸ್ಸು ಬಂದಾಗ ಅದೇ ಜನ ಅದೇ ಜೆರ್ಸಿ ಹಿಡಿದು ಬಂದಿದ್ದರು. ತೂತುಬಿದ್ದ ಬಟ್ಟೆ ಹೊಸ ಹೊಲಿಗೆ ಹಿಡಿಯದೆ ಸಿಗಿದುಹೋಗಿತ್ತು.

ಅವಳು ಅದೇ ನೀಲಿಯ ಒಂದು ಪಟ್ಟಿ ಕತ್ತರಿಸಿದಳು. ಹೆಸರಿನ ಮೇಲೆ ಹೊದಿಸಿ ಅಂಚಿಗೆ ಕಚ್ಚಾ ಹೊಲಿಗೆ ಹಾಕಿದಳು. ಮಾರು ದೂರದಿಂದ ನೋಡಿದರೆ ಬರಿಯ ಬಟ್ಟೆ. ಗುರುವಾರ ಹೇಳಿಬಿಡುವುದು... ಬೇಡವೆಂದರೆ ಅವನೆದುರೇ ಕಿತ್ತರಾಯಿತು.

ಗುರುವಾರ ಬಂದ ಡೊಮಿನಿಕ್ ಸಿಟ್ಟಿನ ಬದಲು ಕೈಯಲ್ಲಿ ಒಂದು ಕಾಗದದ ಪೊಟ್ಟಣ ಹಿಡಿದಿದ್ದ. ಒಳಗೆ ಮಾಂಸ ತುಂಬಿ ಬೇಯಿಸಿದ ಬಿಸಿ ಪೆಪರೋನಿ ಉಂಡೆಗಳು.

"ಆವತ್ತು ಜೋರು ಮಾಡಿದೆ. ಮನಸಿಗೆ ಹಚ್ಕೋಬೇಡಿ." ಜೆರ್ಸಿಯನ್ನು ದೂರಕ್ಕೆ ಹಿಡಿದು ಒಂದು ಸಲ ನೋಡಿದ. "ಗೊತ್ತೇ ಆಗಲ್ವಲ್ಲ. ಎಂಥ ಕೈ ನಿಮ್ದು."

ಈಗ ಹೇಳು. ಈಗಲೇ... ಇರೆನಾ ಬಾಯಿ ತೆರೆದಳು.

"ಬಿಸಿ ಇದೆ," ಎಂದಳು, ಉಂಡೆಯನ್ನು ನೋಡುತ್ತಾ.

ಶುಕ್ರವಾರ ಮೂರೂವರೆಗೆ, ಪಾಳಿ ಮುಗಿಸಿ ಅವನು ಮತ್ತೆ ಬಂದ. ಸೋಮವಾರವೂ ಬಂದ. ಕೆಲಸವೇನೂ ಇರಲಿಲ್ಲ. ಜಗಳವಾಡಲು ಬಂದೆ ಎನ್ನುತ್ತಿದ್ದ.

"ಒಂದು ಮಾತು ಹೇಳಿ," ಎಂದ ಮಂಗಳವಾರ, ಸ್ಟೂಲು ಎಳೆದು ಕೂತು. "ಮದುವೆ ಆದ ಗಂಡು ನಾಲ್ಕನೇ ವರ್ಷಕ್ಕೇ ಹೊಸ ಹೆಂಡ್ತಿ ಬೇಕು ಅಂದ್ರೆ ನೀವು ಒಪ್ತೀರಾ?"

"ಅವನು ಹೊಸ ಹೆಂಡ್ತಿ ಎಲ್ಲಿ ಕೇಳಿದ? ಇರೋ ಹೆಂಡ್ತಿ ಜೊತೆನೇ ಇನ್ನೂ ಐದು ವರ್ಷ ಇರ್ತೀನಿ ಅಂತಿದಾನೆ. ಅದಕ್ಕೂ ಬೈತೀರಲ್ಲ."

ಡೊಮಿನಿಕ್ ನಗುತ್ತಾ ಸ್ಟೂಲಿನಿಂದ ಬೀಳುವುದೊಂದು ಬಾಕಿ.

"ಹುಡುಗಿಗೆ ಏಳು ಪಾಯಿಂಟು," ಎಂದರು ಚೋಚಾ, ಬಟ್ಟೆಯಿಂದ ಕಣ್ಣೆತ್ತದೆ.

ದಿನವೂ ಬೆಳಿಗ್ಗೆ ಇರೆನಾ ಇವತ್ತು ಹೇಳುತ್ತೇನೆ ಎಂದುಕೊಂಡೇ ಮನೆ ಬಿಡುತ್ತಿದ್ದಳು. ದಿನವೂ ಮೂರೂವರೆಗೆ ಅವಳ ಎದೆ ಬೇರೆಯೇ ಮಾತಾಡುತ್ತಿತ್ತು... 'ಹೇಳಿದರೆ ನಾಳೆ ಬರುತ್ತಾನಾ?'

"ಶನಿವಾರ ಶಿಬಿರಕ್ಕೆ ಜನರನ್ನ ಬಿಡ್ತಾರೆ," ಎಂದ ಅವನು ಕೊನೆಗೊಂದು ದಿನ, ಕೈಗೆ ಸಿಕ್ಕಿದ ನೂಲಿನುಂಡೆಯನ್ನು ಬಿಚ್ಚಿ ಸುತ್ತುತ್ತಾ. "ಬರ್ತೀರಾ? ನಿಮ್ಮ ಟ್ರೆಸ್ಕಾಟ್ ಕೈಕಟ್ಟಿ ನಿಂತಿರೋದನ್ನ ನೋಡೋಕೆ."

"ಬರ್ತೀನಿ."

ಅಷ್ಟು ಬೇಗ ಉತ್ತರ ಬಂದದ್ದಕ್ಕೆ ಇಬ್ಬರೂ ನಾಚಿಕೊಂಡರು.

ಕಾಲೇಜು ಮೈದಾನದ ಹುಲ್ಲಿನ ದಿಬ್ಬದ ಮೇಲೆ ಊರಿಗೆ ಊರೇ ಮಡಚುವ ಕುರ್ಚಿ ಹಾಕಿ ಕೂತಿತ್ತು. ಆಗಸ್ಟಿನ ಬಿಸಿಲು. ಕೆಳಗೆ ಗೆರೆಯಾಚೆ ಜೇಲನ್ ಟ್ರೆಸ್ಕಾಟ್ ಅಗಲ ಅಂಚಿನ ಟೋಪಿ ಹಾಕಿ, ನೀರಿನ ಬಾಟಲಿ ಹಿಡಿದು ನಿಂತಿದ್ದ. ಅವನ ಬದಲಿಗೆ ಇಳಿದಿದ್ದ ಹುಡುಗನ ಎಸೆತ ಬೇಲಿಗೆ ಬಡಿದಾಗಲೆಲ್ಲ ದಿಬ್ಬ ನರಳುತ್ತಿತ್ತು.

ಡೊಮಿನಿಕ್ ಆ ನೀಲಿ ಜೆರ್ಸಿಯನ್ನೇ ತೊಟ್ಟು ಬಂದಿದ್ದ. ಇರೆನಾಳ ಕಣ್ಣು ಆ ಬೆನ್ನನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಹತ್ತು ಹೆಜ್ಜೆ ಆಚೆ ಕೂತಿದ್ದ ದಪ್ಪ ಮೀಸೆಯ ಮುದುಕರೊಬ್ಬರು ಅವಳನ್ನು ಕಂಡವರೇ ಕೈಬೀಸಿದರು. ಡೊಮಿನಿಕ್‌ನ ಅಪ್ಪ, ಸಾಲ್.

"ನೀನೇನಾ ಬರ್ನಿ ಅಂಗಡಿ ಹುಡುಗಿ? ಬಾರಮ್ಮ, ನೀನು ನನ್ನ ಪಕ್ಷದವಳಂತೆ. ಅವನ ಹತ್ರ ಕೂತ್ರೆ ಬಿಸಿಲು ಜಾಸ್ತಿ ಹೊಡಿಯತ್ತೆ."

"ಅಪ್ಪಾ, ನಿನ್ನ ಪಾಡಿಗೆ ನೀನಿರು."

"ನಾನೇನಂದೆ? ಹುಡುಗನಿಗೆ ದುಡ್ಡು ಕೊಡ್ರೋ ಅಂದೆ." ಸಾಲ್ ಮೈದಾನದ ಕಡೆ ತಿರುಗಿ ಕೂಗಿದರು. "ಕೊಡ್ರೋ ಅವನಿಗೆ!"

ದಿಬ್ಬದ ಅರ್ಧ ಭಾಗ ದನಿಗೂಡಿಸಿತು. ಉಳಿದರ್ಧ ಛೀಮಾರಿ ಹಾಕಿತು. ಡೊಮಿನಿಕ್ ತಟ್ಟನೆ ಎದ್ದು ನಿಂತ. ಎರಡೂ ತೋಳು ಮೇಲೆತ್ತಿ ಗಂಟಲು ಹರಿಯುವಂತೆ ಕೂಗಿದ.

"ಆಡೋದಾದ್ರೆ ಆಡು, ಇಲ್ಲಾಂದ್ರೆ ಮನೆಗೆ ಹೋಗು!"

ಭುಜ ಎಳೆದ ರಭಸಕ್ಕೆ ಪಟ್ಟಿಯ ಒಂದು ತುದಿ ಬಿಟ್ಟಿತು. ಬೆವರಿಗೆ ನೆನೆದ ಕಚ್ಚಾ ಹೊಲಿಗೆ ಸರಸರನೆ ಬಿಚ್ಚಿಕೊಂಡಿತು. ಪಟ್ಟಿ ಬಾಲದಂತೆ ಜೋತುಬಿತ್ತು. ಟ್ರೆಸ್ಕಾಟ್ ಎಂಬ ಹೆಸರು ಒಂದಕ್ಷರವೂ ಮುಕ್ಕಾಗದೆ ಬಿಸಿಲಿಗೆ ಹೊಳೆಯಿತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ದಿಬ್ಬವೇ ನಕ್ಕಿತು. ಎಲ್ಲರಿಗಿಂತ ಜೋರು ಸಾಲ್.

"ನೋಡ್ರಪ್ಪಾ ನನ್ನ ಮಗನ್ನ. ಬಾಯಲ್ಲಿ ಬೈತಾನೆ, ಬೆನ್ನಲ್ಲಿ ಹೊರ್ತಾನೆ."

ಡೊಮಿನಿಕ್ ಬೆನ್ನ ಹಿಂದೆ ಕೈಹಾಕಿ ಪಟ್ಟಿಯನ್ನು ಹಿಡಿದ. ನೋಡಿದ. ಆಮೇಲೆ ಇರೆನಾಳನ್ನು ನೋಡಿದ.

"ನೀವು ಕೀಳಲೇ ಇಲ್ಲ."

ಅವನು ಅಪ್ಪನ ಕಡೆಗೊಮ್ಮೆ ತಿರುಗಿ ನೋಡಿದ.

"ಅಪ್ಪನೂ ನಿಮ್ಮ ಚೋಚಾನೂ ವಾರವಾರ ಚರ್ಚಿನಲ್ಲಿ ಬಿಂಗೋ ಆಡ್ತಾರೆ. ಈಗ ಅರ್ಥ ಆಯ್ತು. ಎಲ್ರೂ ಸೇರ್ಕೊಂಡು ಮಾಡಿದ್ರಿ. ಆ ಮೂರೂವರೆಯ ಹರಟೆ, ನಗು... ಅದೂ ಇದರದ್ದೇ ಭಾಗಾನಾ?"

'ಅಲ್ಲ. ಅಲ್ಲ ಡೊಮಿನಿಕ್, ಅದು ಮಾತ್ರ ಅಲ್ಲ...' ಒಳಗೆ ಸಾವಿರ ಮಾತು. ಹೊರಗೆ ಒಂದೂ ಬರಲಿಲ್ಲ.

ಅವನು ಕಾಯ್ದ. ನಿಜವಾಗಿಯೂ ಕಾಯ್ದ. ಆಮೇಲೆ ದಿಬ್ಬ ಇಳಿದು ಹೋದ.

ಸೋಮವಾರ ಮೂರೂವರೆ ಬಂತು, ಹೋಯಿತು. ಮಂಗಳವಾರವೂ. ಖಾಲಿ ಸ್ಟೂಲಿನ ಮೇಲೆ ಬಟ್ಟೆಯ ಗಂಟು ಇಡಲು ಇರೆನಾಳಿಗೆ ಮನಸ್ಸಾಗಲಿಲ್ಲ.

ರೇಡಿಯೋದಲ್ಲಿ ಊರವರು ಒಬ್ಬರಾದ ಮೇಲೊಬ್ಬರು ಫೋನು ಮಾಡಿ ಅದೇ ಜಗಳ ಆಡುತ್ತಿದ್ದರು. ಇರೆನಾ ಸೂಜಿಗೆ ದಾರ ಪೋಣಿಸುತ್ತಾ ಚೋಚಾಗೆ ಎಲ್ಲವನ್ನೂ ಹೇಳಿದಳು.

"ಮೂವತ್ತು ಡಾಲರ್ ತಗೊಂಡು ಕೆಲಸ ಮಾಡ್ಲಿಲ್ಲ ನೀನು," ಎಂದರು ಚೋಚಾ. "ಅಂಗಡಿ ಹೆಸರೂ ಹೋಯ್ತು. ಅದಿರ್ಲಿ. ಅವನು ಕೇಳಿದಾಗ ಬಾಯಿ ಯಾಕೆ ಬರ್ಲಿಲ್ಲ?"

"ಗೊತ್ತಿಲ್ಲ ಚೋಚಾ."

"ನನಗೆ ಗೊತ್ತು." ಅವರು ರೇಡಿಯೋ ಆರಿಸಿದರು. "ಆ ಟ್ರೆಸ್ಕಾಟ್‌ನ ಊರೆಲ್ಲ ಉಗಿತಿದೆ. ಕೊಟ್ರೆ ಕೊಟ್ರು, ಇಲ್ಲಾಂದ್ರೆ ಇಲ್ಲ. ಆದ್ರೂ ಕೇಳಿದ. ಅತ್ರೆ ತಾನೇ ತಾಯಿ ಹಾಲು ಕೊಡೋದು? ನೀನು ಅವನ ಪರ ವಾದ ಮಾಡಿದ್ದೇ ಮಾಡಿದ್ದು. ನಿನ್ನ ಪರ ಯಾರು ಬರ್ತಾರೆ ಮಗಳೇ, ನಾನು ಹೋಗ್ಲಾ ಆ ಗೇಟಿಗೆ?"

ಇರೆನಾಳ ಕಣ್ಣು ತುಂಬಿತು. ಅದರ ನಡುವೆಯೇ ನಗುವೂ ಬಂತು, ಚೋಚಾ ಗೇಟಿಗೆ ಹೋಗಿ ನಿಲ್ಲುವುದನ್ನು ಊಹಿಸಿಕೊಂಡು.

"ಬೇಡ. ನೀವು ಹೋದ್ರೆ ಅವರು ಮತ್ತೆ ಮುಷ್ಕರ ಹೂಡ್ತಾರೆ."

ಬುಧವಾರ ಎರಡೂ ಮುಕ್ಕಾಲಿಗೆ ಅವಳು ಆ ನಿಲ್ದಾಣದಲ್ಲಿ ಇಳಿದಳು.

ಮೂರಕ್ಕೆ ಸೈರನ್ ಕೂಗಿತು. ಊಟದ ಡಬ್ಬಿ ಹಿಡಿದ ಗಂಡಸರ ದೊಡ್ಡ ಹೊಳೆಯೇ ಗೇಟಿನಿಂದ ಹರಿದು ಬಂತು. ನಡುವೆ ಇರೆನಾ ಒಬ್ಬಳೇ ನಿಂತಿದ್ದಳು. 'ಓಡಿಹೋಗು' ಎಂದಿತು ಮನಸ್ಸು. ಅವಳು ಬೇಲಿಯ ಕಂಬಿ ಹಿಡಿದುಕೊಂಡಳು.

"ಡಾಮ್, ಅಲ್ನೋಡು," ಎಂದ ಡೊಮಿನಿಕ್‌ನ ಜೊತೆಗಾರನೊಬ್ಬ. "ಟ್ರೆಸ್ಕಾಟ್‌ನ ಲಾಯರಮ್ಮ ಬಂದಿದಾರೆ."

"ನಡಿಯೋ ನೀನು."

ಡೊಮಿನಿಕ್ ಹತ್ತಿರ ಬಂದು ನಿಂತ. ಮುಖದಲ್ಲಿ ಗ್ರೀಸಿನ ಕಲೆ, ಕಣ್ಣಲ್ಲಿ ಏನೆಂದು ತಿಳಿಯದ ಭಾವ.

"ಇರೆನಾ, ನಾನು..."

"ಮೊದ್ಲು ನಾನು ಹೇಳಿ ಮುಗಿಸ್ತೀನಿ. ಮಧ್ಯೆ ಮಾತಾಡಿದ್ರೆ ನನಗೆ ಮರ್ತುಹೋಗತ್ತೆ." ಅವಳು ಉಸಿರೆಳೆದುಕೊಂಡಳು. "ನಿಮ್ಮ ಅಪ್ಪ ಏನೂ ಹೇಳಿರ್ಲಿಲ್ಲ. ಚೋಚಾಗೂ ಗೊತ್ತಿರ್ಲಿಲ್ಲ. ನಾನೊಬ್ಳೇ ಮಾಡಿದ್ದು. ಅಪ್ಪ ಕೊಡಿಸಿದ್ದು ಅಂದ್ರಲ್ಲ, ಕೀಳೋಕೆ ಕೈ ಬರ್ಲಿಲ್ಲ. ಆದ್ರೂ ಅದು ನಿಮ್ಮ ಜೆರ್ಸಿ, ನಿಮ್ಮ ಸಿಟ್ಟು. ನಾನು ತೀರ್ಮಾನ ಮಾಡಿದ್ದು ತಪ್ಪು. ಗುರುವಾರವೇ ಹೇಳ್ಬೇಕಿತ್ತು. ಹೇಳಿದ್ರೆ ಶುಕ್ರವಾರ ನೀವು ಬರಲ್ಲ ಅಂತ... ಹೆದರಿಕೆ ಆಯ್ತು." ಚೀಲದಿಂದ ಕೊಕ್ಕೆ ತೆಗೆದಳು. "ಈಗಲೂ ಕೀಳ್ಬೇಕು ಅಂದ್ರೆ ಇಲ್ಲೇ ಕೂತು ಕಿತ್ತು ಕೊಡ್ತೀನಿ."

ಡೊಮಿನಿಕ್ ಆ ಪುಟ್ಟ ಕೊಕ್ಕೆಯನ್ನೇ ನೋಡಿದ.

"ಜೆರ್ಸಿ ಅಪ್ಪನ ಹತ್ರ ಇದೆ. ತಾನೇ ಹಾಕ್ಕೊಂಡು ಊರೆಲ್ಲ ತಿರುಗ್ತಿದಾನೆ, ಹೊಟ್ಟೆ ಹಿಡೀದೇ ಇದ್ರೂ." ಅವನ ತುಟಿ ಅರಳಿತು. "ಭಾನುವಾರನೇ ಆಣೆ ಮಾಡಿ ಹೇಳಿದ, ನನಗೇನೂ ಗೊತ್ತಿಲ್ಲ ಕಣೋ ಅಂತ. ಆ ಪಟ್ಟಿ ಜೋತುಬಿದ್ದದ್ದನ್ನ ಅಮ್ಮನಿಗೆ ನಟಿಸಿ ತೋರಿಸಿದ. ನನಗೂ ನಗು ಬಂತು. ಒಂದೇ ಮೇಜಲ್ಲಿ ಊಟ ಮಾಡಿದ್ವಿ."

"ಹಾಗಾದ್ರೆ... ಭಾನುವಾರದಿಂದ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಸೋಮವಾರ ನಿಮ್ಮ ಬೀದಿ ಮೂಲೆವರೆಗೂ ಬಂದೆ. ನಿನ್ನೆನೂ. ಅಷ್ಟು ಜನರ ಮುಂದೆ ಅಂದದ್ದನ್ನ ಯಾವ ಮುಖ ಇಟ್ಕೊಂಡು ವಾಪಸ್ ತಗೊಳ್ಲಿ?" ಅವನು ಟೋಪಿ ತೆಗೆದು ಕೈಯಲ್ಲಿ ತಿರುವಿದ. "ಇನ್ನೊಂದು ನಿಜ ಹೇಳ್ಲಾ? ಆ ಹುಡುಗನ ಮೇಲೆ ನನಗಿರೋದು ಹೊಟ್ಟೆಕಿಚ್ಚು. ನಾವು ಒಂಬತ್ತು ವಾರ ಹಿಮದಲ್ಲಿ ನಿಂತ್ವಿ. ಸಿಕ್ಕಿದ್ದು ಅಷ್ಟಕ್ಕಷ್ಟೇ. ಅವನು ಟೋಪಿ ಹಾಕ್ಕೊಂಡು ನಿಂತ್ರೆ ಸಾಕು, ಸಿಗತ್ತೆ. ಅದು ಉರಿಯತ್ತೆ."

"ಉರೀಬೇಕಾದ್ದೇ," ಎಂದಳು ಅವಳು. "ನಿಮಗೂ ಸಿಗ್ಬೇಕಿತ್ತು. ನಾನು ಬಸ್ಸಿನಿಂದ ದಿನಾ ನೋಡ್ತಿದ್ದೆ. ಎಲ್ರಿಗೂ ಬಗ್ಗಿಸಿ, ಉಳಿದ್ರೆ ನಿಮಗೆ."

ಅವನು ಬೆರಗಾಗಿ ಅವಳನ್ನು ನೋಡಿದ.

"ದಿನಾನಾ?"

"ಒಂಬತ್ತು ವಾರ."

ಗೇಟು ಬಹುಮಟ್ಟಿಗೆ ಖಾಲಿಯಾಗಿತ್ತು. ಕಾವಲುಗಾರ ಮಾತ್ರ ಪತ್ರಿಕೆಯ ಹಿಂದೆ ಕಿವಿ ನಿಮಿರಿಸಿ ಕೂತಿದ್ದ. ಇರೆನಾ ಕಂಬಿಯಿಂದ ಕೈ ಬಿಟ್ಟಳು.

"ನನಗೆ ನೀವು ಬೇಕು, ಡೊಮಿನಿಕ್."

ಹೇಳಿ ಆಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಹಿಂದೆ ಬಸ್ಸೊಂದು ನಿಂತು, ಯಾರೂ ಹತ್ತದಿರುವುದನ್ನು ನೋಡಿ ಹೊರಟುಹೋಯಿತು.

ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒಂದು ಸಲ, ಎರಡು ಸಲ. ಆಮೇಲೆ ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದ.

"ಇದನ್ನ ನಾನು ಹೇಳ್ಬೇಕು ಅಂತ ಎಷ್ಟು ದಿನದಿಂದ ಇದ್ದೆ ಗೊತ್ತಾ? ಜಗಳ ಆಡೋಕೆ ಬರ್ತೀನಿ ಅಂತ ನಂಬಿದ್ಯಲ್ಲ ನೀನು."

"ನಂಬಿರ್ಲಿಲ್ಲ. ನಂಬಿದ ಹಾಗೆ ಇದ್ದೆ."

"ಆ ಹುಡುಗ ಮಾತ್ರ ಈಗಲೂ ತಪ್ಪೇ, ನನ್ನ ಪ್ರಕಾರ."

"ನನ್ನ ಪ್ರಕಾರ ಸರಿನೇ."

"ಅಂದ್ರೆ ನಾಳೆ ಮೂರೂವರೆಗೆ ಬರ್ಲೇಬೇಕು."

"ನಾಡಿದ್ದೂ ಬರ್ಬೇಕು."

ಅವನು ನಕ್ಕ. "ಸರಿ, ಈಗ ಎಲ್ಲಿಗೆ? ನೀನೇ ಹೇಳು, ನಿನಗೆಲ್ಲಿ ಇಷ್ಟ?"

ಎಲ್ಲಾದರೂ ಸರಿ ಎಂಬ ಮಾತು ಅಭ್ಯಾಸದಂತೆ ನಾಲಿಗೆಯ ತುದಿಗೆ ಬಂದಿತ್ತು. ಇರೆನಾ ಅದನ್ನು ನುಂಗಿಕೊಂಡಳು.

"ಸರೋವರದ ದಂಡೆಗೆ. ನಡ್ಕೊಂಡೇ ಹೋಗ್ಬೇಕು. ಕೈ ಬಿಡಬಾರ್ದು. ಐಸ್‌ಕ್ರೀಮು ನನಗೆ ದೊಡ್ಡದು ಬೇಕು."

"ಇಷ್ಟೇನಾ?"

"ಸದ್ಯಕ್ಕೆ. ಉಳಿದದ್ದು ದಾರಿಯಲ್ಲಿ ಕೇಳ್ತೀನಿ."